ರೋಗಿಗೆ ಅಪಾಯ ತರದ ಆ್ಯಪ್ ಕಟ್ಟುವುದು ಹೇಗೆ? ಕಲಬುರಗಿ, ಬೀದರ್, ಯಾದಗಿರಿಯ ಡೆವಲಪರ್‌ಗಳಿಗೆ ಒಂದು ಮಾರ್ಗದರ್ಶಿ

ಇನ್ಸುಲಿನ್ ಸಿರಿಂಜ್‌ನಲ್ಲಿ ಎರಡು ಬಗೆ ಇದೆ. ಕೆಂಪು ಮುಚ್ಚಳದ್ದು 40ರ ಸಿರಿಂಜ್, ಕಿತ್ತಳೆ ಮುಚ್ಚಳದ್ದು 100ರ ಸಿರಿಂಜ್. ಔಷಧಿಯೂ ಹಾಗೇ. ಒಂದು ಎಂಎಲ್‌ಗೆ 40 ಯೂನಿಟ್ ಇರುವುದು ಬೇರೆ, 100 ಯೂನಿಟ್ ಇರುವುದು ಬೇರೆ. 100ರ ಇನ್ಸುಲಿನ್ ಅನ್ನು 40ರ ಸಿರಿಂಜ್‌ಗೆ 20ನೇ ಗೆರೆವರೆಗೆ ಎಳೆದರೆ ಮೈಗೆ ಹೋಗುವುದು 50 ಯೂನಿಟ್. ಎರಡೂವರೆ ಪಟ್ಟು ಜಾಸ್ತಿ. ಶುಗರ್ ಒಮ್ಮೆಲೇ ಕುಸಿದು ಮನುಷ್ಯ ಎಚ್ಚರ ತಪ್ಪಬಹುದು, ಜೀವಕ್ಕೂ ಕುತ್ತು ಬರಬಹುದು.

ಈಗ ಔಷಧಿ ನೆನಪಿಸುವ ಒಂದು ಆ್ಯಪ್ ಇದೆ ಅಂದುಕೊಳ್ಳಿ. 'ಇನ್ಸುಲಿನ್ 20 ಯೂನಿಟ್, ಬೆಳಿಗ್ಗೆ' ಎಂದು ಹೊತ್ತಿಗೆ ಸರಿಯಾಗಿ ಗಂಟೆ ಬಾರಿಸುತ್ತದೆ. ಡಾಕ್ಟರ್ ಬರೆದದ್ದೂ ಅದನ್ನೇ. ಕೋಡ್‌ನಲ್ಲಿ ಒಂದೂ ಬಗ್ ಇಲ್ಲ. ಆದರೆ ಮನೆಯಲ್ಲಿರುವ ಬಾಟಲಿ ಯಾವುದು, ಸಿರಿಂಜ್ ಯಾವುದು ಅಂತ ಅದು ಕೇಳುವುದೇ ಇಲ್ಲ. ಆ್ಯಪ್ ಚೆನ್ನಾಗಿ ಓಡುತ್ತಿದೆ, ರೋಗಿ ಮಾತ್ರ ಅಪಾಯದಲ್ಲಿದ್ದಾನೆ.

ನಮ್ಮ ಮೂರು ಜಿಲ್ಲೆಗಳಲ್ಲಿ ಕಾಲೇಜಿನ ಪ್ರಾಜೆಕ್ಟ್‌ಗೆ, ಸಣ್ಣ ನರ್ಸಿಂಗ್ ಹೋಮ್‌ಗೆ, ಸ್ವಯಂಸೇವಾ ಸಂಸ್ಥೆಗೆ ಆರೋಗ್ಯದ ಆ್ಯಪ್ ಕಟ್ಟಲು ಹೊರಟವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಬಿಪಿ-ಶುಗರ್ ಇರುವವರ ಔಷಧಿ ಆ್ಯಪ್ ಒಂದನ್ನೇ ಉದಾಹರಣೆಯಾಗಿ ಇಟ್ಟುಕೊಳ್ಳೋಣ. ಅದನ್ನು ರೋಗಿ ಬಳಸುತ್ತಾರೆ, ಆಶಾ ಕಾರ್ಯಕರ್ತೆ ಬಳಸುತ್ತಾರೆ, ನರ್ಸ್ ಮತ್ತು ಡಾಕ್ಟರ್ ಕೂಡ ಬಳಸುತ್ತಾರೆ.

ಹೆಜ್ಜೆ 1: ಫೀಚರ್ ಪಟ್ಟಿಗಿಂತ ಮೊದಲು ಅಪಾಯದ ಪಟ್ಟಿ

ಒಂದು ಹಾಳೆ ತಗೊಳ್ಳಿ. ಈ ಆ್ಯಪ್‌ನಿಂದ ಯಾರಿಗೆ ಏನು ಕೆಡುಕಾಗಬಹುದು ಎಂದು ಬರೆಯಿರಿ. ಒಬ್ಬರ ಔಷಧಿ ಇನ್ನೊಬ್ಬರಿಗೆ ಹೋಗಬಹುದು. ಪ್ರಮಾಣ ತಪ್ಪಬಹುದು. ವಾರಕ್ಕೊಮ್ಮೆ ನುಂಗುವ ಮಾತ್ರೆಯನ್ನು ದಿನಾ ನುಂಗಬಹುದು. ಎಚ್ಚರಿಕೆ ಬಂದರೂ ಯಾರೂ ನೋಡದೆ ಹೋಗಬಹುದು. ಪ್ರತಿಯೊಂದರ ಮುಂದೆ 'ಇದನ್ನು ಯಾವ ಪರದೆ ತಡೆಯುತ್ತದೆ?' ಎಂದು ಕೇಳಿ. ಉತ್ತರ ಖಾಲಿ ಉಳಿದರೆ ನಿಮ್ಮ ಮೊದಲ ಕೆಲಸ ಅದೇ.

ಥೆರಾಕ್-25 ಎಂಬ ವಿಕಿರಣ ಚಿಕಿತ್ಸಾ ಯಂತ್ರದ ಕಥೆ ಈ ಕ್ಷೇತ್ರಕ್ಕೆ ಬರುವ ಎಲ್ಲರಿಗೂ ಗೊತ್ತಿರಬೇಕು. 1985ರಿಂದ 1987ರ ನಡುವೆ ಅಮೆರಿಕ ಮತ್ತು ಕೆನಡಾದಲ್ಲಿ ಆರು ಜನ ರೋಗಿಗಳಿಗೆ ಅದು ವಿಪರೀತ ವಿಕಿರಣ ಕೊಟ್ಟಿತು. ಕೆಲವರು ಸತ್ತರು. ಹಳೆಯ ಮಾದರಿಗಳಲ್ಲಿದ್ದ ಹಾರ್ಡ್‌ವೇರ್ ತಡೆಗಳನ್ನು ತೆಗೆದು ಎಲ್ಲವನ್ನೂ ಸಾಫ್ಟ್‌ವೇರ್ ಮೇಲೆ ಬಿಟ್ಟಿದ್ದರು. ತೊಂದರೆಯಾದಾಗ ಪರದೆ ಮೇಲೆ ಬಂದದ್ದು 'ಮಾಲ್‌ಫಂಕ್ಷನ್ 54' ಅಂತ ಒಂದು ಸಾಲು. ಅದರ ಅರ್ಥ ಆಪರೇಟರ್‌ಗೆ ಗೊತ್ತಿರಲಿಲ್ಲ. ಅಂಥ ಸಂದೇಶಗಳು ಆಗಾಗ ಬರುತ್ತಲೇ ಇದ್ದವು. ಮುಂದುವರಿಸಲು ಒಂದೇ ಕೀ ಸಾಕಿತ್ತು, ಒತ್ತಿದರು. ಆ ಆಪರೇಟರ್ ಮೇಲೆ ತಪ್ಪು ಹೊರಿಸುವುದು ಸುಲಭ. ಆದರೆ ಅಷ್ಟು ಸಲೀಸಾಗಿ ಮುಂದೆ ಹೋಗಲು ಬಿಟ್ಟದ್ದು ಪರದೆ.

ಕಾನೂನಿನ ಕಡೆಯೂ ಇಲ್ಲೇ ನೋಡಿಕೊಳ್ಳಿ. 2020ರ ಏಪ್ರಿಲ್ 1ರಿಂದ ಭಾರತದಲ್ಲಿ ರೋಗ ಪತ್ತೆಗೆ, ಚಿಕಿತ್ಸೆಗೆ ಬಳಸುವ ಸಾಫ್ಟ್‌ವೇರ್ ಕೂಡ ವೈದ್ಯಕೀಯ ಸಾಧನದ ವ್ಯಾಖ್ಯೆಯೊಳಗೆ ಬರುತ್ತದೆ. ನಿಮ್ಮ ಆ್ಯಪ್ ಡೋಸ್ ಲೆಕ್ಕ ಹಾಕಿ ಹೇಳುತ್ತದೆ, ರೋಗ ಇದೇ ಅನ್ನುತ್ತದೆ ಎಂದಾದರೆ ಮೊದಲೇ ತಿಳಿದವರನ್ನು ಕೇಳಿ.

ಹೆಜ್ಜೆ 2: ಹೋಗಿ ಕೂತು ನೋಡಿ

ಇದೇ ಎಲ್ಲಕ್ಕಿಂತ ದೊಡ್ಡ ಹೆಜ್ಜೆ. ಜಾಸ್ತಿ ಜನ ಇದನ್ನೇ ಬಿಟ್ಟುಬಿಡುತ್ತಾರೆ. ಜಿಮ್ಸ್, ಬ್ರಿಮ್ಸ್, ಯಿಮ್ಸ್‌ನಂಥ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಇರಲಿ, ತಾಲ್ಲೂಕು ಆಸ್ಪತ್ರೆ ಇರಲಿ, ಮೊದಲು ಅನುಮತಿ ತಗೊಳ್ಳಿ. ಒಪಿಡಿ ಚೀಟಿ ಕೌಂಟರ್ ಪಕ್ಕ, ಔಷಧಿ ಕೊಡುವ ಕಿಟಕಿ ಪಕ್ಕ, ರಾತ್ರಿ ಶಿಫ್ಟ್‌ನ ವಾರ್ಡ್‌ನಲ್ಲಿ ಕೂರಿ. ಲ್ಯಾಪ್‌ಟಾಪ್ ತೆಗೆಯಬೇಡಿ. ಒಂದು ಪುಸ್ತಕ, ಪೆನ್ನು ಸಾಕು.

'ನಿಮಗೆ ಯಾವ ಫೀಚರ್ ಬೇಕು?' ಎಂದು ಮಾತ್ರ ಕೇಳಬೇಡಿ. ಪಾಪ, ಅವರೂ ನಿಮ್ಮ ಮನಸ್ಸು ನೋಯಬಾರದು ಅಂತ ಏನೋ ಒಂದು ಹೇಳುತ್ತಾರೆ. 'ಸಿಸ್ಟರ್, ಹಿಂದಿನ ಶಿಫ್ಟ್‌ನವರು ಏನೇನು ಬಾಕಿ ಬಿಟ್ಟಿದ್ದಾರೆ ಅಂತ ನಿಮಗೆ ಹೇಗೆ ಗೊತ್ತಾಗುತ್ತದೆ, ತೋರಿಸ್ತೀರಾ?' ಎಂದು ಕೇಳಿ. ಅವರು ಅಂಗೈ ಮೇಲೆ ಬರೆದುಕೊಂಡದ್ದು ತೋರಿಸಬಹುದು. ಕಂಪ್ಯೂಟರ್ ಅಂಚಿಗೆ ಅಂಟಿಸಿದ ಚೀಟಿ ತೋರಿಸಬಹುದು. ಅಂಥ ಚೀಟಿ ಕಂಡಲ್ಲೆಲ್ಲ ಈಗಿರುವ ಸಾಫ್ಟ್‌ವೇರ್ ಏನೋ ಒಂದು ಕೆಲಸ ಮಾಡುತ್ತಿಲ್ಲ ಎಂದರ್ಥ. ಬರೆದುಕೊಳ್ಳಿ.

ಆಮೇಲೆ ಆಶಾ ಜೊತೆ ಮನೆಮನೆಗೆ ಹೋಗಿ. ಮನೆಯ ಹಿರಿಯಳನ್ನು 'ಆಯಿ, ದಿನಾ ಗುಳಿಗಿ ಹ್ಯಾಂಗ ತಗೋತೀರಿ, ತೋರಸ್ರಿ' ಎಂದು ಕೇಳಿ. ಒಳಗಿಂದ ಒಂದು ಕ್ಯಾರಿಬ್ಯಾಗ್ ಬರುತ್ತದೆ. ಅದರಲ್ಲಿ ಕತ್ತರಿಸಿದ ಸ್ಟ್ರಿಪ್‌ಗಳು. ಅಂಗಡಿಯವರು ಹತ್ತು ಮಾತ್ರೆಯ ಸ್ಟ್ರಿಪ್‌ನಲ್ಲಿ ನಾಲ್ಕು ಕತ್ತರಿಸಿ ಕೊಟ್ಟಾಗ ಔಷಧಿಯ ಹೆಸರು ಒಂದು ತುಂಡಿನಲ್ಲಿ, ಎಕ್ಸ್‌ಪೈರಿ ತಾರೀಕು ಇನ್ನೊಂದರಲ್ಲಿ. ಒಳಗಿರುವ ಮಾತ್ರೆ ಎರಡೂ ಬಿಳಿ, ಎರಡೂ ದುಂಡಗೆ. ಆಯಿ ಗುರುತಿಸುವುದು ಸ್ಟ್ರಿಪ್‌ನ ಬಣ್ಣದಿಂದ: ಹಸಿರು ಬೆಳಿಗ್ಗೆಗೆ, ಬೆಳ್ಳಿ ಬಣ್ಣದ್ದು ರಾತ್ರಿಗೆ.

ಮುಂದಿನ ತಿಂಗಳು ಅದೇ ಔಷಧಿ ಬೇರೆ ಕಂಪನಿಯದ್ದು ಬರುತ್ತದೆ. ಸ್ಟ್ರಿಪ್ ಈಗ ನೀಲಿ. ಇದು ಹೊಸ ಮಾತ್ರೆ ಇರಬೇಕು ಅಂದುಕೊಂಡು ಹಳೆಯ ಹಸಿರು, ಹೊಸ ನೀಲಿ ಎರಡನ್ನೂ ನುಂಗಿದರೆ? ಅದು ಶುಗರ್‌ನ ಗ್ಲಿಮೆಪಿರೈಡ್ ಆಗಿದ್ದರೆ ಶುಗರ್ ಕುಸಿದು ಹೊಲದಲ್ಲೇ ಚಕ್ಕರ್ ಬಂದು ಬೀಳಬಹುದು. ಇದನ್ನು ಕಣ್ಣಾರೆ ನೋಡಿದ ಡೆವಲಪರ್ ಔಷಧಿಯ ಪರದೆಯನ್ನೇ ಬೇರೆ ಥರ ಕಟ್ಟುತ್ತಾನೆ. ಪರದೆ ಮೇಲೆ ಮಾತ್ರೆಯ ಫೋಟೊ ಜೊತೆ ಸ್ಟ್ರಿಪ್‌ನ ಫೋಟೊ ಇರುತ್ತದೆ. ಕಂಪನಿ ಬದಲಾದಾಗ 'ಇದು ಹಳೆಯ ಹಸಿರು ಸ್ಟ್ರಿಪ್‌ನದೇ ಔಷಧಿ. ಎರಡನ್ನೂ ಒಟ್ಟಿಗೆ ನುಂಗಬೇಡಿ' ಎಂದು ಎರಡೂ ಫೋಟೊ ಪಕ್ಕಪಕ್ಕ ಇಟ್ಟು, ಧ್ವನಿಯಲ್ಲಿ ಹೇಳುತ್ತದೆ. ಆಫೀಸಿನಲ್ಲಿ ಕೂತವರಿಗೆ ಇದು ಹೊಳೆಯುವುದು ಕಷ್ಟ.

ಹೆಜ್ಜೆ 3: ಇವರು ಅವರೇನಾ?

ಶರಣಬಸವೇಶ್ವರರ, ಬಂದೇ ನವಾಜರ ಊರು ನಮ್ಮದು. ಒಂದೇ ಊರಲ್ಲಿ ಎಷ್ಟು ಜನ ಶರಣಪ್ಪ, ಶರಣಮ್ಮ, ಬಂದೇನವಾಜ್ ಇರುತ್ತಾರೆ, ನಿಮಗೇ ಗೊತ್ತು. ಇಂಗ್ಲಿಷ್‌ನಲ್ಲಿ ಬರೆಯುವಾಗ ಒಬ್ಬರು ನಡುವೆ ಒಂದು 'ಎ' ಸೇರಿಸುತ್ತಾರೆ, ಇನ್ನೊಬ್ಬರು ಬಿಡುತ್ತಾರೆ. ಹುಡುಕಿದರೆ ಸಿಗುವುದಿಲ್ಲ. ಸಿಗದಿದ್ದಾಗ ಕೌಂಟರ್‌ನವರು ಹೊಸದಾಗಿ ನೋಂದಣಿ ಮಾಡುತ್ತಾರೆ. ಹಿಂದಿನ ದಾಖಲೆಯಲ್ಲಿ 'ಪೆನ್ಸಿಲಿನ್ ಅಲರ್ಜಿ' ಎಂದು ಇತ್ತು. ಹೊಸದರಲ್ಲಿ ಅದು ಖಾಲಿ.

ಹಾಗಾಗಿ ಹೆಸರು ಹುಡುಕಿದಾಗ ಬರುವ ಪಟ್ಟಿಯಲ್ಲಿ ತಂದೆ ಅಥವಾ ಗಂಡನ ಹೆಸರು, ಊರು, ಅಂದಾಜು ವಯಸ್ಸು, ಸಾಧ್ಯವಾದರೆ ಫೋಟೊ ಇರಲಿ. ಉಚ್ಚಾರ ಹತ್ತಿರವಿರುವ ಹೆಸರುಗಳೂ ಬರಲಿ. ಔಷಧಿ ಕೊಡುವ ಮೊದಲು ಕನಿಷ್ಠ ಎರಡು ಗುರುತು ಹೊಂದಲೇಬೇಕು. ಮಂಚದ ನಂಬರ್ ಗುರುತಲ್ಲ, ಮಂಚ ಬದಲಾಗುತ್ತದೆ. 14 ಅಂಕಿಯ ಆಭಾ (ಸರ್ಕಾರದ ಡಿಜಿಟಲ್ ಆರೋಗ್ಯ ಖಾತೆ) ಸಂಖ್ಯೆ ಇದ್ದರೆ ಒಳ್ಳೆಯದು. ಆದರೆ ಅದಿಲ್ಲ ಅಂತ ಯಾರನ್ನೂ ವಾಪಸ್ ಕಳಿಸುವಂತೆ ಕಟ್ಟಬೇಡಿ.

ಫೋನ್ ನಂಬರ್ ನಂಬುವಾಗಲೂ ಹುಷಾರು. ಎಷ್ಟೋ ಮನೆಗಳಲ್ಲಿ ಫೋನ್ ಒಂದೇ. ಅದೂ ಪುಣೆಗೋ ಹೈದರಾಬಾದ್‌ಗೋ ದುಡಿಯಲು ಹೋದ ಮಗನ ಹತ್ತಿರ ಇರುತ್ತದೆ. ಇಲ್ಲಿ ತಾಯಿ ದವಾಖಾನಿ ಕಿಟಕಿ ಮುಂದೆ ನಿಂತಿದ್ದರೆ ಒಟಿಪಿ ಅಲ್ಲಿ ಸೈಟ್‌ನಲ್ಲಿ ಕೆಲಸ ಮಾಡುತ್ತಿರುವ ಮಗನಿಗೆ ಹೋಗುತ್ತದೆ. ಒಟಿಪಿ ಇಲ್ಲದೆಯೂ ಸಿಬ್ಬಂದಿ ದಾಖಲೆ ತೆರೆಯುವ, ಯಾರು ಯಾಕೆ ತೆರೆದರು ಎಂದು ದಾಖಲಾಗುವ ದಾರಿ ಇರಲೇಬೇಕು. ಬೆರಳಚ್ಚು ಒಂದನ್ನೇ ನೆಚ್ಚಿಕೊಳ್ಳಬೇಡಿ. ಕೂಲಿ ಮಾಡಿ ಸವೆದ ಬೆರಳನ್ನು ಯಂತ್ರ ಓದದೆ ಹೋಗಬಹುದು.

ಹೆಜ್ಜೆ 4: ಅಂಕಿ ತುಂಬುವ ಜಾಗದಲ್ಲಿ ತಡೆ ಹಾಕಿ

ಇಂಗ್ಲಿಷ್‌ನಲ್ಲಿ ಎಂ, ಇ, ಟಿ ಅಂತ ಮೂರಕ್ಷರ ಒತ್ತಿ ನೋಡಿ. ಮೆಟ್‌ಫಾರ್ಮಿನ್, ಮೆಟೊಪ್ರೊಲಾಲ್, ಮೆಟ್ರೊನಿಡಜೋಲ್, ಮೆಥೊಟ್ರೆಕ್ಸೇಟ್ ನಾಲ್ಕೂ ಪಟ್ಟಿಯಲ್ಲಿ ಒಂದರ ಕೆಳಗೊಂದು ಬಂದು ನಿಲ್ಲುತ್ತವೆ. ಒಂದು ಶುಗರ್‌ಗೆ, ಒಂದು ಬಿಪಿಗೆ, ಒಂದು ಸೋಂಕಿಗೆ. ಕೊನೆಯದು ಕೀಲುವಾತಕ್ಕೆ ವಾರಕ್ಕೊಮ್ಮೆ ಕೊಡುವ ಔಷಧಿ, ದಿನಾ ನುಂಗಿದರೆ ಜೀವವನ್ನೇ ತೆಗೆಯಬಹುದು. ನೂರಾರು ಜನ ಸಾಲಲ್ಲಿ ನಿಂತಿರುವಾಗ ಬೆರಳು ಒಂದು ಸಾಲು ಕೆಳಗೆ ಜಾರುವುದು ದೊಡ್ಡ ಮಾತಲ್ಲ. ಹಾಗಾಗಿ ಕನಿಷ್ಠ ಐದಕ್ಷರ ಒತ್ತಿದ ಮೇಲೆ ಪಟ್ಟಿ ತೆರೆಯಲಿ. ಹೆಸರಿನ ಪಕ್ಕ ಯಾವುದಕ್ಕೆ ಕೊಡುತ್ತಾರೆ ಅನ್ನುವುದು ಕಾಣಲಿ. ಮೆಥೊಟ್ರೆಕ್ಸೇಟ್ ಆರಿಸಿದರೆ ತಾನಾಗಿಯೇ 'ವಾರಕ್ಕೊಮ್ಮೆ' ಎಂದೇ ಬರಲಿ, ವಾರದ ಯಾವ ದಿನ ಎಂದು ಕೇಳಲಿ. ದಿನಾ ಎಂದು ಹಾಕಲು ಹೋದರೆ ಅಲ್ಲೇ ನಿಲ್ಲಿಸಲಿ.

ದಶಾಂಶದ ಚುಕ್ಕೆಗೆ ಎರಡು ನಿಯಮ ಸಾಕು. 1.0 ಎಂದು ತೋರಿಸಬೇಡಿ, ಚುಕ್ಕೆ ಕಾಣದಿದ್ದರೆ ಅದು 10. ಅರ್ಧವನ್ನು .5 ಎಂದು ಬರೆಯಬೇಡಿ, ಚುಕ್ಕೆ ಮಾಸಿದರೆ ಅದು 5. ಮೊದಲನೆಯದು ಬರೀ 1 ಆಗಿರಲಿ, ಎರಡನೆಯದು 0.5.

ಮಕ್ಕಳ ಜ್ವರದ ಪ್ಯಾರಾಸಿಟಮಾಲ್ ಇನ್ನೊಂದು ಬಲೆ. ಡ್ರಾಪ್ಸ್‌ನಲ್ಲಿ ಸಾಮಾನ್ಯವಾಗಿ ಒಂದು ಎಂಎಲ್‌ಗೆ 100 ಮಿಲಿಗ್ರಾಂ, ಸಿರಪ್‌ನಲ್ಲಿ 5 ಎಂಎಲ್‌ಗೆ 120 ಅಥವಾ 125. ಸಿರಪ್ ಲೆಕ್ಕದಲ್ಲಿ ಡ್ರಾಪ್ಸ್ ಕುಡಿಸಿದರೆ ಮಗುವಿಗೆ ನಾಲ್ಕು ಪಟ್ಟು ಔಷಧಿ. ಪರದೆ ಮೇಲೆ '5 ಎಂಎಲ್' ಎಂದಷ್ಟೇ ಬರೆದರೆ ಸಾಲದು. ಯಾವ ಬಾಟಲಿ ಎಂದು ಚಿತ್ರ ಸಮೇತ ಕೇಳಿ. ತೂಕ ಹಾಕದೆ ಮುಂದೆ ಹೋಗಲು ಬಿಡಬೇಡಿ. ಎರಡು ವರ್ಷದ ಮಗುವಿಗೆ 65 ಕೆಜಿ ಎಂದು ಬಂದರೆ ಆ್ಯಪ್ ತಕ್ಷಣ ಕೇಳಬೇಕು. ಬಿಪಿಯಲ್ಲಿ ಮೇಲಿನ ಅಂಕಿ ಕೆಳಗಿನದಕ್ಕಿಂತ ಚಿಕ್ಕದಾಗಿದ್ದರೂ ಹಾಗೇ.

ಇಲ್ಲೊಂದು ಸೂಕ್ಷ್ಮ ಇದೆ, ಸ್ವಲ್ಪ ನಿಂತು ಯೋಚಿಸಿ. ಬಿಪಿ ಖಾನೆ ತುಂಬಲೇಬೇಕು ಎಂದು ಕಡ್ಡಾಯ ಮಾಡಿದ್ದೀರಿ. ಆ ದಿನ ಉಪಕೇಂದ್ರದ ಬಿಪಿ ಯಂತ್ರ ಕೆಟ್ಟಿದೆ. ಫಾರ್ಮ್ ಮುಂದೆ ಹೋಗುವುದಿಲ್ಲ, ಹೊರಗೆ ಗರ್ಭಿಣಿಯರು ಕಾಯುತ್ತಿದ್ದಾರೆ, ಸಂಜೆಯೊಳಗೆ ರಿಪೋರ್ಟ್ ಹೋಗಬೇಕು. ಏನಾಗುತ್ತದೆ? 120/80 ಎಂದು ತುಂಬುತ್ತಾರೆ. ಆ ಸುಳ್ಳು ಅಂಕಿಗೆ ನಿಮ್ಮ ಕಡ್ಡಾಯದ ಚಿಹ್ನೆಯೇ ಕಾರಣ. ಮೇಲಿನವರು ಡ್ಯಾಶ್‌ಬೋರ್ಡ್ ನೋಡಿ ಎಲ್ಲ ಆರಾಮಿದ್ದಾರೆ ಅಂದುಕೊಳ್ಳುತ್ತಾರೆ. ಅಷ್ಟರಲ್ಲಿ ಒಬ್ಬ ಗರ್ಭಿಣಿಯ ಬಿಪಿ ಸದ್ದಿಲ್ಲದೆ ಏರುತ್ತಿರಬಹುದು. 'ಅಳೆಯಲಿಲ್ಲ, ಯಂತ್ರ ಕೆಟ್ಟಿದೆ' ಎಂಬ ಗುಂಡಿ ಇಡಿ. ಅದನ್ನು ಒತ್ತಿದ್ದಕ್ಕೆ ಯಾರನ್ನೂ ಬೈಯಬಾರದು ಎಂದು ಅಧಿಕಾರಿಗಳ ಜೊತೆ ಮೊದಲೇ ಮಾತಾಡಿಕೊಳ್ಳಿ. ಆ ಗುಂಡಿ ಒತ್ತಿದರೆ ಯಂತ್ರ ರಿಪೇರಿಗೆ ಸಂದೇಶ ಹೋಗುವಂತೆ ಮಾಡಿದರೆ ಇನ್ನೂ ಒಳ್ಳೆಯದು. ಮೊದಲೇ 120/80 ತುಂಬಿಟ್ಟ ಖಾನೆಯಂತೂ ಬೇಡವೇ ಬೇಡ.

ಹೆಜ್ಜೆ 5: ಜನ ಮಾತಾಡುವ ಹಾಗೆ ಮಾತಾಡಿ

ಔರಾದ್, ಭಾಲ್ಕಿ ಕಡೆ ಮರಾಠಿ, ಗುರುಮಠಕಲ್, ಸೇಡಂ ಕಡೆ ತೆಲುಗು, ಪಟ್ಟಣಗಳಲ್ಲಿ ಉರ್ದು, ತಾಂಡಾಗಳಲ್ಲಿ ಲಂಬಾಣಿ. ಕನ್ನಡ ಒಂದೇ ಇಟ್ಟರೂ 'ಎದೆನೋವು' ಜೊತೆ 'ಎದಿ ಬ್ಯಾನಿ', 'ಉಬ್ಬಸ' ಜೊತೆ 'ದಮ್ಮು' ಕೂಡ ಆ್ಯಪ್‌ಗೆ ಗೊತ್ತಿರಬೇಕು. ಎಲ್ಲವನ್ನೂ ಅಕ್ಷರದಲ್ಲಿ ಹೇಳಲು ಹೋಗಬೇಡಿ, ಧ್ವನಿ ಇಡಿ. ಧ್ವನಿಯನ್ನು ಅದೇ ಊರಿನವರಿಂದ ರೆಕಾರ್ಡ್ ಮಾಡಿಸಿ. ಉರ್ದು ಬಲದಿಂದ ಎಡಕ್ಕೆ ಓದುವ ಲಿಪಿ, ಆದ್ದರಿಂದ ಬಾಣದ ಗುರುತುಗಳೂ ತಿರುಗಬೇಕು. ಬೆಳಿಗ್ಗೆ-ಮಧ್ಯಾಹ್ನ-ರಾತ್ರಿ ಸಾಲು ತಿರುಗುಮುರುಗಾದರೆ ಔಷಧಿಯೂ ತಿರುಗುಮುರುಗು.

ಹೊತ್ತಿನ ಲೆಕ್ಕವೂ ಅಷ್ಟೇ. 'ಬೆಳಿಗ್ಗೆ 8ಕ್ಕೆ, ತಿಂಡಿ ಆದ ಮೇಲೆ' ಎಂದರೆ ತೊಗರಿ ರಾಶಿ ಕಾಲದಲ್ಲಿ ಯಾರೂ ಮನೆಯಲ್ಲಿ ಇರುವುದಿಲ್ಲ. ರೊಟ್ಟಿ ಬುತ್ತಿ ಕಟ್ಟಿಕೊಂಡು ನಸುಕಿನಲ್ಲೇ ಹೊಲಕ್ಕೆ ಹೋಗಿರುತ್ತಾರೆ. ನೀವು ಮೊದಲು ಊಟ ಮಾಡುವುದು ಎಷ್ಟು ಹೊತ್ತಿಗೆ ಎಂದು ಕೇಳಿ, ಅದಕ್ಕೆ ಗಂಟೆ ಹೊಂದಿಸಿ. ರಂಜಾನ್ ತಿಂಗಳಲ್ಲಿ ರೋಜಾ ಇರುವವರಿಗೆ ಹಳೆಯ ವೇಳೆಯಲ್ಲೇ ಇನ್ಸುಲಿನ್ ನೆನಪಿಸುವುದು ಅಪಾಯ. ತಿಂಗಳ ಮೊದಲೇ 'ಡಾಕ್ಟರ್ ಹತ್ತಿರ ವೇಳೆ, ಪ್ರಮಾಣ ಬದಲಿಸಿಕೊಂಡು ಬನ್ನಿ' ಎಂದು ಹೇಳಲಿ. ಡೋಸ್ ಅನ್ನು ಆ್ಯಪ್ ತಾನೇ ಬದಲಿಸಬಾರದು.

ಹೆಜ್ಜೆ 6: ಎಚ್ಚರಿಕೆ ಕಡಿಮೆ ಇರಲಿ, ಕೆಲಸಕ್ಕೆ ಬರಲಿ

ಡಾಕ್ಟರ್‌ಗಳು ಔಷಧಿ ಬರೆಯುವಾಗ ಕಂಪ್ಯೂಟರ್ ಕೊಡುವ ಸುರಕ್ಷತಾ ಎಚ್ಚರಿಕೆಗಳಲ್ಲಿ 49ರಿಂದ 96 ಶೇಕಡದಷ್ಟನ್ನು ಬದಿಗೆ ಸರಿಸಿ ಮುಂದೆ ಹೋಗುತ್ತಾರೆ ಎಂದು 2006ರ ಒಂದು ಅಧ್ಯಯನ ವಿಮರ್ಶೆ ತೋರಿಸಿತು. ಅವರಿಗೆ ಕಾಳಜಿ ಇಲ್ಲವೆಂದಲ್ಲ. ಕೆಲಸಕ್ಕೆ ಬಾರದ ಎಚ್ಚರಿಕೆಗಳು ಎಷ್ಟು ಬರುತ್ತವೆ ಎಂದರೆ, ಕೆಲಸಕ್ಕೆ ಬರುವುದೂ ಅವುಗಳ ಜೊತೆ ಹೋಗಿಬಿಡುತ್ತದೆ. ಪರದೆ ತಡೆದು ನಿಲ್ಲಿಸುವ ಎಚ್ಚರಿಕೆ ಜೀವಕ್ಕೆ ಅಪಾಯ ಇರುವುದಕ್ಕೆ ಮಾತ್ರ. ಉಳಿದದ್ದು ಪಕ್ಕದಲ್ಲಿ ಸಣ್ಣ ಸಾಲಾಗಿ ಇದ್ದರೆ ಸಾಕು.

ಎಚ್ಚರಿಕೆಯ ಮಾತು ಹೇಗಿರಬೇಕು? ಗರ್ಭಿಣಿಯ ಬಿಪಿ 160/110 ಬಂತು ಅನ್ನಿ. 'ಹೈ ರಿಸ್ಕ್' ಎಂದು ಕೆಂಪಗೆ ತೋರಿಸಿ ಸುಮ್ನಾದರೆ ಆಶಾ ಏನು ಮಾಡಬೇಕು? 'ಜೀವಕ್ಕೆ ಅಪಾಯ. ಈಗಲೇ ಆಸ್ಪತ್ರೆಗೆ ಕರೆದೊಯ್ಯಿರಿ' ಎಂಬ ಸಾಲು, ಕೆಳಗೆ 108ಕ್ಕೆ ಕರೆ ಹೋಗುವ ದೊಡ್ಡ ಗುಂಡಿ, ಅದರ ಕೆಳಗೆ ಪಿಎಚ್‌ಸಿ ಡಾಕ್ಟರ್ ನಂಬರ್. ಗಾಡಿ ಬರುವವರೆಗೆ ಏನು ಮಾಡಬೇಕು ಎನ್ನುವುದನ್ನು ಹೆರಿಗೆ ತಜ್ಞರಿಂದ ಬರೆಸಿಕೊಳ್ಳಿ, ನೀವೇ ಬರೆಯಬೇಡಿ. ಬಣ್ಣ ಒಂದನ್ನೇ ನಂಬಬೇಡಿ, ಕೆಂಪು-ಹಸಿರು ಗೊತ್ತಾಗದ ಕಣ್ಣುಗಳೂ ಇರುತ್ತವೆ. ಡಾಕ್ಟರ್ ಸಂದೇಶ ನೋಡದೆ ಹತ್ತು ನಿಮಿಷ ಕಳೆದರೆ ಮುಂದೆ ಯಾರಿಗೆ ಹೋಗಬೇಕು ಎನ್ನುವುದನ್ನೂ ಮೊದಲೇ ತೀರ್ಮಾನಿಸಿ. ರಾತ್ರಿ ಎರಡು ಗಂಟೆಗೆ ಯಾರೂ ನೋಡದ ಡ್ಯಾಶ್‌ಬೋರ್ಡ್‌ಗೆ ಎಚ್ಚರಿಕೆ ಕಳಿಸಿ ಏನು ಪ್ರಯೋಜನ?

ಹೆಜ್ಜೆ 7: ಬಿಸಿಲು, ಕರೆಂಟು, ನೆಟ್‌ವರ್ಕ್

ಬೇಸಿಗೆಯಲ್ಲಿ ನಮ್ಮಲ್ಲಿ 42 ಡಿಗ್ರಿ ದಾಟುವುದು ಹೊಸದಲ್ಲ. ಮೇ ತಿಂಗಳ ಮಧ್ಯಾಹ್ನ ಅಂಗಳದಲ್ಲಿ ನಿಂತು ಪರದೆ ಓದಿ ನೋಡಿ. ತಿಳಿ ಬೂದು ಅಕ್ಷರ ಕಾಣುವುದೇ ಇಲ್ಲ. ಚಿಂಚೋಳಿ ಕಡೆಯ ತಾಂಡಾಗಳಲ್ಲಿ ಸಿಗ್ನಲ್ ಬಂದು ಹೋಗುತ್ತಿರುತ್ತದೆ. ಇಂಟರ್ನೆಟ್ ಇಲ್ಲದೆಯೂ ಆ್ಯಪ್ ಓಡಬೇಕು. ಆದರೆ 'ಉಳಿಸಿದೆ' ಮತ್ತು 'ಆಸ್ಪತ್ರೆಗೆ ತಲುಪಿದೆ' ಎರಡೂ ಬೇರೆ ಎಂದು ಸ್ಪಷ್ಟವಾಗಿ ಕಾಣಬೇಕು. ತಲುಪಿತೆಂದು ಆಶಾ ನಂಬಿ ಮನೆಗೆ ಹೋದಾಗ ಸಂದೇಶ ಅವರ ಫೋನ್‌ನಲ್ಲೇ ಕೂತಿದ್ದರೆ ಅದೇ ಅಪಾಯ. ತುರ್ತು ಸಂದೇಶ ನೆಟ್ ಇಲ್ಲದಿದ್ದರೆ ಎಸ್ಎಂಎಸ್ ಆಗಿ ಹೋಗಲಿ.

ಹೆಜ್ಜೆ 8: ಐದು ಜನರ ಕೈಗೆ ಕೊಡಿ, ನೀವು ಸುಮ್ನಿರಿ

ಸಾಫ್ಟ್‌ವೇರ್ ಬಳಸಲು ಸುಲಭವೇ ಎಂದು ಪರೀಕ್ಷಿಸುವ ತಜ್ಞ ಜೇಕಬ್ ನೀಲ್ಸನ್ ಅವರ ಪ್ರಸಿದ್ಧ ಮಾತೊಂದಿದೆ: ಐದು ಜನರ ಜೊತೆ ಪರೀಕ್ಷಿಸಿದರೂ ಬಳಕೆಯ ತೊಂದರೆಗಳಲ್ಲಿ ಹೆಚ್ಚಿನವು ಹೊರಬರುತ್ತವೆ. ಆದರೆ ಆ ಐದು ಜನ ನಿಮ್ಮ ಹಾಸ್ಟೆಲ್ ಗೆಳೆಯರಲ್ಲ. ಐದು ಜನ ರೋಗಿಗಳು, ಐದು ಜನ ಆಶಾಗಳು, ಐದು ಜನ ನರ್ಸ್‌ಗಳು. ಅವರಲ್ಲಿ ಕಣ್ಣಿಗೆ ಪೊರೆ ಬಂದವರು, ಓದು ಬಾರದವರು ಇರಲೇಬೇಕು.

ಡೆಮೊ ತೋರಿಸಬೇಡಿ. ಕೆಲಸ ಕೊಡಿ: 'ಕಾಕಾ, ಇವತ್ತು ರಾತ್ರಿ ಯಾವ ಗುಳಿಗಿ ಅಂತ ಇದರಾಗ ನೋಡಿ ತೆಗೀರಿ.' ಆಮೇಲೆ ಬಾಯಿ ಮುಚ್ಚಿಕೊಂಡು ನೋಡಿ. ತಪ್ಪು ಗುಂಡಿಗೆ ಬೆರಳು ಹೋದಾಗ 'ಅಲ್ಲಲ್ಲ, ಇಲ್ಲಿ' ಅಂತ ಹೇಳಬೇಕು ಅನಿಸುತ್ತದೆ, ಹೇಳಬೇಡಿ. ನೀವು ಹುಡುಕುತ್ತಿರುವುದು ಅದನ್ನೇ. ಎಷ್ಟು ಹೊತ್ತು ಹಿಡಿಯಿತು ಎನ್ನುವುದಕ್ಕಿಂತ ಎಲ್ಲಿ ತಪ್ಪಿತು, ತಪ್ಪಿದ್ದು ಅವರಿಗೆ ಗೊತ್ತಾಯಿತಾ ಎನ್ನುವುದು ಮುಖ್ಯ. ಗೊತ್ತಾಗದೆ ಹೋದ ತಪ್ಪುಗಳನ್ನು ಮೊದಲು ಸರಿಪಡಿಸಿ, ಮತ್ತೆ ಬೇರೆ ಐದು ಜನರಿಗೆ ಕೊಡಿ. 'ಆ್ಯಪ್ ಹೇಗಿದೆ?' ಎಂದು ಕೇಳಿದರೆ ನಮ್ಮ ಜನ 'ಛಲೋ ಅದ' ಅಂತಲೇ ಹೇಳುತ್ತಾರೆ. ಅದನ್ನು ಫಲಿತಾಂಶ ಅಂದುಕೊಳ್ಳಬೇಡಿ.

ಹೆಜ್ಜೆ 9: ಆ್ಯಪ್ ಹೊರಬಂದ ಮೇಲೆ

ಪ್ರತಿ ಪರದೆಯಲ್ಲೂ 'ಇಲ್ಲಿ ಏನೋ ತಪ್ಪಿದೆ' ಎಂದು ತಿಳಿಸುವ ಗುಂಡಿ ಇರಲಿ. ತಪ್ಪು ಆಗಿದ್ದಷ್ಟೇ ಅಲ್ಲ, ಆಗುತ್ತಿತ್ತು ಆದರೆ ತಪ್ಪಿತು ಎನ್ನುವುದನ್ನೂ ಬರೆಯಲಿ. ಬರೆದವರ ಹೆಸರು ಕೇಳಬೇಡಿ. ಸೆಪ್ಟೆಂಬರ್ 17 ಕಲ್ಯಾಣ ಕರ್ನಾಟಕ ಉತ್ಸವದ ದಿನ. ವಿಶ್ವ ರೋಗಿ ಸುರಕ್ಷತಾ ದಿನವೂ ಅದೇ, 2019ರಿಂದ. ವರ್ಷಕ್ಕೊಮ್ಮೆಯಾದರೂ ಆ ವಾರ ನರ್ಸ್‌ಗಳ, ಆಶಾಗಳ ಜೊತೆ ಕೂತು ಈ ವರದಿಗಳನ್ನು ಒಂದೊಂದಾಗಿ ಓದಿ.

ಗುಟ್ಟು ಕಾಯುವುದೂ ಸುರಕ್ಷತೆಯೇ. ಮನೆಯವರೆಲ್ಲ ನೋಡುವ ಫೋನ್ ಮೇಲೆ 'ಟಿಬಿ ಮಾತ್ರೆ ನುಂಗುವ ಸಮಯ' ಎಂದು ಬಂದರೆ ಒಬ್ಬ ಸೊಸೆಯ ಬದುಕು ಏರುಪೇರಾಗಬಹುದು, ಅಲ್ವಾ? 'ನಿಮ್ಮ ಮಾತ್ರೆಯ ಸಮಯ' ಎಂದರೆ ಸಾಕು. ಒಪ್ಪಿಗೆ ಪಡೆಯುವ ಬಗ್ಗೆ, ಮಾಹಿತಿ ಅಳಿಸುವ ಬಗ್ಗೆ 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಏನು ಹೇಳುತ್ತದೆ ಎಂದು ಓದಿಕೊಳ್ಳಿ.

ಇನ್ನೊಂದು ವಿಷಯವನ್ನು ಯಾರೂ ಯೋಜನೆಯಲ್ಲಿ ಬರೆಯುವುದಿಲ್ಲ. ಪ್ರಾಜೆಕ್ಟ್ ಮುಗಿದು ನೀವು ಬೆಂಗಳೂರಿಗೆ ಕೆಲಸಕ್ಕೆ ಹೋದಿರಿ. ಇಲ್ಲಿ ಡಾಕ್ಟರ್ ಡೋಸ್ ಬದಲಿಸಿದ್ದಾರೆ, ಆ್ಯಪ್ ಮಾತ್ರ ಹಳೆಯ ಡೋಸ್‌ಗೇ ದಿನಾ ಗಂಟೆ ಬಾರಿಸುತ್ತಿದೆ. ಆದ್ದರಿಂದ ಮೊದಲ ವರ್ಷನ್‌ನಲ್ಲೇ ಈ ನಿಯಮ ಹಾಕಿ: ಮೂರು ತಿಂಗಳಲ್ಲಿ ಡಾಕ್ಟರ್ ಅಥವಾ ನರ್ಸ್ ಔಷಧಿ ಪಟ್ಟಿಯನ್ನು ಮತ್ತೆ ನೋಡಿ ಒಪ್ಪದಿದ್ದರೆ ಆ್ಯಪ್ ಡೋಸ್ ತೋರಿಸುವುದನ್ನು ನಿಲ್ಲಿಸಲಿ. 'ಈ ಪಟ್ಟಿ ಹಳೆಯದು. ಡಾಕ್ಟರ್ ಕೊಟ್ಟ ಹೊಸ ಚೀಟಿಯಂತೆ ನಡೆಯಿರಿ, ಚೀಟಿ ಆಸ್ಪತ್ರೆಗೆ ತಂದು ತೋರಿಸಿ' ಎಂದು ಧ್ವನಿಯಲ್ಲಿ ಹೇಳಲಿ. ಔಷಧಿ ನೀವಾಗಿಯೇ ನಿಲ್ಲಿಸಬೇಡಿ ಎಂದೂ ಅದೇ ಮಾತಿನಲ್ಲಿ ಸೇರಿಸಿ. ನೀವು ಹೋದ ಮೇಲೆ ಸರ್ವರ್ ನೋಡಿಕೊಳ್ಳುವವರ ಹೆಸರು, ಫೋನ್ ನಂಬರ್ ಆಸ್ಪತ್ರೆಯ ಕೈಯಲ್ಲಿ ಬರಹದಲ್ಲಿ ಇರಲಿ.